ಒಂದೇ ಪ್ರತಿಯ ಬರಹ

ಜಾಲತಾಣದ ಖಾಲಿ ಚೌಕದೊಳಗೆ ಟೈಪಿಸುತ್ತಿರುವ ಬರಹ ತಾಣದಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಅದು ಕಂಪ್ಯೂಟರಿನ ಡಿಸ್ಕಿನಲ್ಲೂ ಕಡತವಾಗಿ ಕೂತಿರುವುದಿಲ್ಲ. ಕರೆಂಟ್ ಇರುವಷ್ಟು ಹೊತ್ತು ಮಾತ್ರ ನೆನಪಿಡುವ ರ‍್ಯಾಮ್‌ನಲ್ಲಿ, ಬ್ರೌಸರ್ ತನಗೆಂದು ಹಿಡಿದಿಟ್ಟುಕೊಂಡ ಜಾಗದಲ್ಲಿ ಅದರ ವಾಸ. ಕಳುಹಿಸುವ ಗುಂಡಿ ಒತ್ತಿ, ಆಚೆಯ ಸರ್ವರ್ ಅದನ್ನು ಸ್ವೀಕರಿಸಿ ತನ್ನ ದತ್ತಸಂಚಯದಲ್ಲಿ ಬರೆದುಕೊಳ್ಳುವವರೆಗೆ ಅದಕ್ಕೆ ಬೇರೆ ನೆಲೆಯಿಲ್ಲ. ಎರಡು ಗಂಟೆ ಕೂತು ತಿದ್ದಿ ತೀಡಿದ ಲೇಖನ ಒಂದು ಕ್ಷಣದಲ್ಲಿ ಮಾಯವಾಗುವುದಕ್ಕೆ ಮೂಲ ಕಾರಣ ಇದು.

ಮಾಯವಾಗುವ ಬಗೆಗಳು ಹಲವು. ಕರೆಂಟ್ ಹೋಗುವುದು, ಬ್ರೌಸರ್ ಕುಸಿಯುವುದು ಎಲ್ಲರಿಗೂ ಗೊತ್ತಿರುವಂಥವು. ಹೆಚ್ಚು ಜನ ಮೋಸಹೋಗುವುದು ಸೆಷನ್ ಮುಗಿಯುವುದರಿಂದ. ಲಾಗಿನ್ ಆದವರ ಗುರುತನ್ನು ಸರ್ವರ್ ಒಂದು ಅವಧಿಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಬಹಳಷ್ಟು ತಾಣಗಳ ಬೆನ್ನೆಲುಬಾದ ಪಿಎಚ್‌ಪಿ ಭಾಷೆಯಲ್ಲಿ, ಯಾರೂ ಬದಲಿಸದಿದ್ದರೆ, ಈ ಅವಧಿ 1440 ಸೆಕೆಂಡು, ಅಂದರೆ 24 ನಿಮಿಷ. ಅಷ್ಟು ಹೊತ್ತು ಸದ್ದಿಲ್ಲದ ಸೆಷನ್ನನ್ನು ಅದು ಕಸವೆಂದು ಗುಡಿಸಿಹಾಕಬಹುದು. ಬರೆಯುವವರ ಕೈ ಚೌಕದೊಳಗೆ ಎಡೆಬಿಡದೆ ಆಡುತ್ತಿದ್ದರೂ ಸರ್ವರಿಗೆ ಅದು ತಿಳಿಯದು. ಅದರ ಪಾಲಿಗೆ ಆ ಮನುಷ್ಯ ಎದ್ದುಹೋಗಿದ್ದಾನೆ. ಕೊನೆಗೆ ಗುಂಡಿ ಒತ್ತಿದಾಗ ಲೇಖನದ ಬದಲು ಲಾಗಿನ್ ಪುಟ ಎದುರಾಗುತ್ತದೆ. ನಿಧಾನವಾಗಿ ಯೋಚಿಸಿ ಬರೆಯುವವರಿಗೇ ಈ ಏಟು ಹೆಚ್ಚು ಬೀಳುವುದು ನಿಜಕ್ಕೂ ಅನ್ಯಾಯ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಏನನ್ನೂ ಮುಚ್ಚದಿರುವುದು. ಹಿಂದಿನ ಪುಟಕ್ಕೆ ಮರಳಿದರೆ ಎಷ್ಟೋ ಸಲ ಬ್ರೌಸರ್ ಚೌಕವನ್ನು ತುಂಬಿದ ಹಾಗೆಯೇ ತೋರಿಸುತ್ತದೆ. ದೋಷದ ಪುಟ ಬಂದಿದ್ದರೆ, ಇನ್ನೊಂದು ಟ್ಯಾಬಿನಲ್ಲಿ ಲಾಗಿನ್ ಆಗಿ, ಈ ಪುಟವನ್ನು ಮರುಲೋಡ್ ಮಾಡಬಹುದು. ಮಾಹಿತಿಯನ್ನು ಮತ್ತೆ ಕಳುಹಿಸಬೇಕೇ ಎಂದು ಬ್ರೌಸರ್ ಕೇಳಿದರೆ, ಬರಹ ಇನ್ನೂ ಅದರ ಕೈಯಲ್ಲಿದೆ ಎಂದೇ ಅರ್ಥ. ಆಗ ಗಾಬರಿಯಿಂದ ಪುಟ ಮುಚ್ಚಿ ಕೈಯಾರೆ ಕಳೆದುಕೊಂಡವರು ಕಡಿಮೆಯಿಲ್ಲ.

ಬರಹ ತಾನಾಗಿ ಸೇವ್ ಆಗುತ್ತದೆ, ಚಿಂತೆ ಯಾಕೆ ಎನ್ನುವವರದೊಂದು ಪಂಥವಿದೆ. ಅವರ ಮಾತು ಪೂರ್ತಿ ಸುಳ್ಳಲ್ಲ. ವರ್ಡ್‌ಪ್ರೆಸ್ಸಿನ ಮೂಲ ಏರ್ಪಾಡು 60 ಸೆಕೆಂಡಿಗೊಮ್ಮೆ ಕರಡನ್ನು ಉಳಿಸುತ್ತದೆ; ಮೈಕ್ರೋಸಾಫ್ಟ್ ವರ್ಡ್‌ನ ಚೇತರಿಕೆಯ ಪ್ರತಿ 10 ನಿಮಿಷಕ್ಕೊಮ್ಮೆ ಆಗುತ್ತದೆ. ಆದರೆ ಯಂತ್ರ ಉಳಿಸುವುದು ಆ ಹೊತ್ತಿಗೆ ಇರುವುದನ್ನು, ಬೇಕಾದದ್ದನ್ನಲ್ಲ. ಲೇಖನವಿಡೀ ಆಯ್ಕೆಯಾಗಿರುವಾಗ ಕೈತಪ್ಪಿ ಒಂದು ಕೀಲಿ ತಗಲಿದರೆ, ಉಳಿದ ಆ ಒಂದು ಅಕ್ಷರವನ್ನೇ ಅದು ಶ್ರದ್ಧೆಯಿಂದ ಕಾಪಾಡುತ್ತದೆ. ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳದ ಸ್ವಯಂ-ಉಳಿಕೆಯನ್ನು ನಂಬಿ ಬರೆಯುವುದು ಸಲ್ಲದು.

ಗುಂಡಿ ಒತ್ತಿ, ಲೇಖನ ಸೇರಿತು ಎಂಬ ಸಂದೇಶ ಬಂದ ಮೇಲೂ ಅರ್ಧ ಲೇಖನ ಕಾಣೆಯಾಗುವುದುಂಟು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಹೆಚ್ಚಿನ ಎಮೋಜಿಗಳಿಗೆ 4 ಬೈಟು ಬೇಕು. ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ಯುಟಿಎಫ್8 ಎಂಬ ಹೆಸರಿನಡಿ ಇದ್ದ ಏರ್ಪಾಡಿಗೆ 3 ಬೈಟಿನ ಆಚೆ ಹಿಡಿಯುವ ಶಕ್ತಿ ಇರಲಿಲ್ಲ. ನಾಲ್ಕು ಬೈಟಿನ ಹೊಸ ಏರ್ಪಾಡು 2010ರಲ್ಲಿ ಬಂದರೂ ಹಳೆಯ ತಾಣಗಳು ಅದಕ್ಕೆ ಬದಲಾಗುವುದು ತಡವಾಯಿತು. ಕಟ್ಟುನಿಟ್ಟಿನ ತಪಾಸಣೆ ಇಲ್ಲದ ಕಡೆ, ಲೇಖನದ ನಡುವೆ ಒಂದು ನಗುಮುಖ ಹಾಕಿದರೆ ಅಲ್ಲಿಂದಾಚೆಯದೆಲ್ಲ ಕತ್ತರಿಸಿಹೋಗುತ್ತಿತ್ತು. ಕನ್ನಡವನ್ನೇ ಅರಿಯದ ಹಳೆಯ ಲ್ಯಾಟಿನ್ ಏರ್ಪಾಡಿನ ದತ್ತಸಂಚಯದಲ್ಲಂತೂ ಪ್ರತಿ ಅಕ್ಷರವೂ ಪ್ರಶ್ನೆಚಿಹ್ನೆಯಾಗಬಹುದು. ಅಕ್ಷರಗಳು ಬರೀ ಕಲಸಿಹೋಗಿದ್ದರೆ ಬೈಟುಗಳನ್ನು ಮತ್ತೆ ಓದಿಸಿ ಬಿಡಿಸಬಹುದು. ಪ್ರಶ್ನೆಚಿಹ್ನೆಗಳ ಸಾಲನ್ನು ಯಾರೂ ಮರಳಿ ಕನ್ನಡ ಮಾಡಲಾರರು.

ಕನ್ನಡದಲ್ಲಿ ಕೃತಿಗಳು ಕಳೆದುಹೋಗುವುದು ಕಂಪ್ಯೂಟರಿನಿಂದ ಶುರುವಾದ ಸಂಗತಿಯಲ್ಲ. ಹಳಗನ್ನಡ ಕವಿ ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ' ಇಂದು ಇಡಿಯಾಗಿ ಇಲ್ಲ. ಮುಂದಿನವರು ಎತ್ತಿಕೊಂಡ ಕೆಲವು ಪದ್ಯಗಳಷ್ಟೇ ಉಳಿದಿವೆ. ರನ್ನನ 'ಪರಶುರಾಮಚರಿತ' ಸಿಕ್ಕಿಲ್ಲ, 'ಚಕ್ರೇಶ್ವರಚರಿತ'ವೂ ಸಿಕ್ಕಿಲ್ಲ. ಪೊನ್ನನ ವಿಷಯ ಇನ್ನೂ ಗಮನಿಸತಕ್ಕದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಆ ಕವಿ 'ಶಾಂತಿಪುರಾಣ'ವನ್ನೂ 'ಭುವನೈಕರಾಮಾಭ್ಯುದಯ'ವನ್ನೂ ಬರೆದ. ಮೊದಲನೆಯದು ಉಳಿಯಿತು, ಎರಡನೆಯದು ಕಳೆಯಿತು. 'ಶಾಂತಿಪುರಾಣ'ದ 1000 ಪ್ರತಿಗಳನ್ನು ದಾನಶೀಲೆ ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂದು ಸಾಹಿತ್ಯಚರಿತ್ರೆ ಹೇಳುತ್ತದೆ. ಓಲೆಗರಿಯ ಮೇಲೆ ಕಂಟವೆಂಬ ಲೋಹದ ಮೊನೆಯಿಂದ ಕೊರೆದು, ಮಸಿ ಸವರಿ, ದಾರ ಪೋಣಿಸಿ, ಒಂದೊಂದನ್ನೂ ಲಿಪಿಕಾರರು ಕೈಯಾರೆ ಮಾಡಬೇಕಿದ್ದ ಕಾಲದ ಸಾವಿರ ಅದು. ಗೆದ್ದಲು, ಬೆಂಕಿ, ಮಳೆ ನೂರು ಕಟ್ಟುಗಳನ್ನು ತಿಂದರೂ ಒಂಬೈನೂರು ಉಳಿಯುತ್ತಿದ್ದವು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದಕ್ಕಿಂತ ಈ ಪ್ರತಿ ಮಾಡಿಸಿದ ಕೆಲಸವೇ ಅವಳ ದೊಡ್ಡ ದಾನ ಎಂದರೆ ತಪ್ಪಾಗದು.

ಆದರೆ ಓಲೆಯನ್ನು ಪ್ರತಿ ಮಾಡುವಾಗಲೂ ಪಾಠ ಕೆಡುತ್ತಿತ್ತು. ಸಂಪಾದಕರು ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠ ಹುಡುಕುವುದು ಅದಕ್ಕೇ. ಗಣಕದಲ್ಲಿ ಕನ್ನಡದ ಪಾಠ ಕೆಡಿಸಿದ ದೊಡ್ಡ ಕಾರಣ ಹಳೆಯ ಆಸ್ಕಿ ಫಾಂಟುಗಳು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೂ ಅಚ್ಚುಮನೆ, ಪತ್ರಿಕೆ, ಕಚೇರಿಗಳಲ್ಲಿ ಆಸ್ಕಿಯ ಅಭ್ಯಾಸ ಇಂದಿಗೂ ಮುಗಿದಿಲ್ಲ. ಆ ಫಾಂಟುಗಳು ಒಂದು ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು; ಈಗ ಅವುಗಳನ್ನೇ ಹಿಡಿದು ಕೂರುವುದಕ್ಕೆ ಸಮರ್ಥನೆಯಿಲ್ಲ. ಆಸ್ಕಿ ಫಾಂಟಿನ ಕಡತದೊಳಗೆ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅವುಗಳ ಮೇಲೆ ಕನ್ನಡದ ತುಣುಕುಗಳ ಚಿತ್ರವನ್ನು ಫಾಂಟು ಹೊದಿಸಿರುತ್ತದೆ. ಫಾಂಟು ಕಳಚಿದ ಗಳಿಗೆಯಲ್ಲಿ ಲೇಖನ ಗೋಜಲು.

ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅವುಗಳ ಕೆಲಸವನ್ನು ಕಣ್ಣುಮುಚ್ಚಿ ಒಪ್ಪಬಾರದು. ಹಳೆಯ ಕಡತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಅದರ 'ರ್' ಮೊದಲು ಬರಬೇಕು. ಸ್ಥಾನ ಬದಲಿಸುವಾಗ ಪರಿವರ್ತಕ ಕೆಲವೊಮ್ಮೆ ಎಡವುತ್ತದೆ. ಲೇಖನದ ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಯೂನಿಕೋಡಿನೊಳಗೂ ಒಂದು ಸೂಕ್ಷ್ಮವಿದೆ. 'ರ‍್ಯಾಂಕ್' ಎಂದು ಬರೆಯಲು ರಕಾರದ ಪಕ್ಕ ಕಣ್ಣಿಗೆ ಕಾಣದ ಕೂಡಿಸುವ ಚಿಹ್ನೆಯೊಂದು ಬೇಕು. ಅನಗತ್ಯ ಚಿಹ್ನೆ ಎಂದು ತಾಣ ಅದನ್ನು ಕಿತ್ತುಹಾಕಿದರೆ 'ರ್ಯಾಂಕ್' ಉಳಿಯುತ್ತದೆ. ಓದುಗರು ಬರೆದವರನ್ನೇ ದೂರುತ್ತಾರೆ.

ಹೊಸ ಬರಹವನ್ನು ಮೊದಲು ತಮ್ಮದೇ ಕಂಪ್ಯೂಟರಿನಲ್ಲಿ, ಯೂನಿಕೋಡಿನ ಸಾದಾ ಪಠ್ಯದ ಕಡತದಲ್ಲಿ ಬರೆದು ಉಳಿಸಿ, ಆಮೇಲೆ ತಾಣದ ಚೌಕಕ್ಕೆ ಅಂಟಿಸಬೇಕು. ಎರಡನೆಯ ಪ್ರತಿ ಬೇರೊಂದು ಯಂತ್ರದಲ್ಲಿರಲಿ. ಹಳೆಯ ಫಾಂಟಿನ ಕಡತಗಳನ್ನು ಇಟ್ಟುಕೊಂಡಿರುವವರು, ಅವನ್ನು ತೆರೆದು ಓದಬಲ್ಲ ಕಂಪ್ಯೂಟರು ಮನೆಯಲ್ಲಿ ಇರುವಾಗಲೇ ಪರಿವರ್ತಿಸಿ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಿ, ಮೂಲ ಕಡತದ ಜೊತೆ ಫಾಂಟಿನ ಹೆಸರನ್ನೂ ಬರೆದಿಡಬೇಕೆಂದು ಕೋರಿಕೆ.