ಆಳುವವರ ಬೆಂಬಲವಿಲ್ಲದ ಮಿಷನ್: ಜೋಸೆಫ್ ವಾಸ್ ಪರಂಪರೆಯ ವಿಮರ್ಶೆ

ಭಾರತೀಯ ಪಾದ್ರಿಗಳೇ ಕಟ್ಟಿ, ತಾವೇ ನಡೆಸಿ, ಸಮುದ್ರದಾಚೆಗೂ ಕೊಂಡೊಯ್ದ ಕಥೋಲಿಕ ಮಿಷನ್ ಎಂಬ ಹೆಗ್ಗಳಿಕೆ ಗೋವಾದ ಒರಾಟರಿ ಸಂಸ್ಥೆಯದು. 1680ರ ದಶಕದಲ್ಲಿ ಅದಕ್ಕೆ ನೆಲೆಯಾಗಿದ್ದ ಪವಾಡ ಶಿಲುಬೆಯ ಇಗರ್ಜಿ ಪಣಜಿಗೆ ಹತ್ತಿರದ ಹಳೆ ಗೋವಾದ ಗುಡ್ಡದ ಮೇಲೆ ಈಗ ಪಾಳುಬಿದ್ದಿದೆ. ಕೆಳಗೆ ಬೊಮ್ ಜೇಸು ಬಸಿಲಿಕಾದಲ್ಲಿ ಫ್ರಾನ್ಸಿಸ್ ಜೇವಿಯರ್ ಅವರ ಶರೀರವಿದೆ. 2024ರ ನವೆಂಬರಿನಿಂದ 2025ರ ಜನವರಿವರೆಗೆ ನಡೆದ ಸಾರ್ವಜನಿಕ ದರ್ಶನಕ್ಕೆ ದೇಶವಿದೇಶಗಳ ಜನ ಹಳೆ ಗೋವಾದಲ್ಲಿ ನೆರೆದಿದ್ದರು. ಗೋವಾದ ಮಿಷನ್ ಪರಂಪರೆಯ ಮಾತು ಬಂದರೆ ಎಲ್ಲರ ಕಣ್ಣು ಹೋಗುವುದು ಬಸಿಲಿಕಾದ ಕಡೆಗೇ. ಆದರೆ ಇಂದಿನ ಮಿಷನ್ ಕೆಲಸಕ್ಕೆ ಹೆಚ್ಚು ಪಾಠವಿರುವುದು ಮೇಲಿನ ಪಾಳು ಇಗರ್ಜಿಯ ಚರಿತ್ರೆಯಲ್ಲಿ.

ಒರಾಟರಿಗೆ ಜೀವ ತುಂಬಿದವರು ಜೋಸೆಫ್ ವಾಸ್. 1651ರಲ್ಲಿ ಬಾಣಾವಲಿಯಲ್ಲಿ ಹುಟ್ಟಿ 1676ರಲ್ಲಿ ಪಾದ್ರಿಯಾದರು. 1681ರಿಂದ 1684ರವರೆಗೆ ಅವರು ದುಡಿದದ್ದು ಕೆಳದಿಯ ಚೆನ್ನಮ್ಮಾಜಿ ಆಳುತ್ತಿದ್ದ ಕೆನರಾ ಸೀಮೆಯಲ್ಲಿ: ಮಂಗಳೂರು, ಬಸರೂರು, ಗಂಗೊಳ್ಳಿ, ಕಲ್ಯಾಣಪುರದ ಕಡೆ. ಗೋವಾದ ಆರ್ಚ್‌ಬಿಷಪ್ ಮತ್ತು ರೋಮ್ ನೇರವಾಗಿ ನೇಮಿಸಿದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ನಡುವೆ ಆಗ ಅಧಿಕಾರದ ಜಗಳ ನಡೆಯುತ್ತಿತ್ತು; ಕರಾವಳಿಯ ಕ್ರೈಸ್ತರು ಯಾರ ಮಾತು ಕೇಳಬೇಕೆಂದು ತಿಳಿಯದೆ ಒಡೆದುಹೋಗಿದ್ದರು. ವಾಸ್ ಈ ಒಡಕಿನ ನಡುವೆಯೇ ಊರೂರು ನಡೆದು ಚದುರಿದ ಕುಟುಂಬಗಳನ್ನು ಒಟ್ಟುಗೂಡಿಸಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರಕ್ಕೆ ಇಂದಿಗೂ ಭಕ್ತರು ಬರುತ್ತಾರೆ. ಪರರಾಜ್ಯದಲ್ಲಿ, ಪೋರ್ಚುಗೀಸ್ ಹುಕುಂ ನಡೆಯದ ನೆಲದಲ್ಲಿ ಕೆಲಸ ಮಾಡುವ ಅಭ್ಯಾಸ ಅವರಿಗೆ ಆದದ್ದು ಇಲ್ಲಿಯೇ.

ಅವರು ಗೋವಾಕ್ಕೆ ಮರಳಿದ 1684ರಲ್ಲೇ ಅಲ್ಲಿನ ಪೋರ್ಚುಗೀಸ್ ವೈಸರಾಯ್, ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಹೊರಡಿಸಿದ. 1560ರಲ್ಲಿ ಶುರುವಾದ ಇಂಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಾಲಯ ಆಗಲೂ ಗೋವಾದಲ್ಲಿ ಜನರ ನಂಬಿಕೆ, ಮದುವೆ, ಊಟ, ಉಡುಪಿನ ಮೇಲೆ ಕಣ್ಣಿಟ್ಟಿತ್ತು. ಗೋವಾದ ಚರ್ಚ್‌ಗೆ ಅಂಟಿದ ದೊಡ್ಡ ಕಳಂಕವಿದು, ಸಬೂಬು ಹೇಳಿ ತೊಳೆಯುವಂಥದ್ದಲ್ಲ. ಒರಾಟರಿ ಕೂಡ ಇದೇ ವ್ಯವಸ್ಥೆಯೊಳಗೆ ಬೆಳೆದದ್ದು. ಆದರೆ 1687ರಲ್ಲಿ ವಾಸ್ ಸಿಂಹಳಕ್ಕೆ ಕಾಲಿಟ್ಟಾಗ ಪಾತ್ರ ತಿರುಗಿತ್ತು. ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು. ಪ್ರಾಟೆಸ್ಟಂಟರಾದ ಅವರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು. ವಾಸ್ ಹರಕು ಬಟ್ಟೆಯಲ್ಲಿ, ಕೂಲಿಯವನ ಹಾಗೆ ಜಾಫ್ನಾ ಸೇರಿ, ರಾತ್ರಿ ಹೊತ್ತು ಮನೆಗಳಲ್ಲಿ ಪೂಜೆ ನಡೆಸಿದರು. 1692ರಲ್ಲಿ ಒಳನಾಡಿನ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂದು ಅವರನ್ನು ಸೆರೆಯಲ್ಲಿಟ್ಟರು. ಸೆರೆಯಲ್ಲಿದ್ದುಕೊಂಡೇ ಅವರು ಸಿಂಹಳ ಭಾಷೆ ಕಲಿತರು. ಕ್ರಮೇಣ ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯ ಅವರನ್ನು ನಂಬಿದ.

1697ರಲ್ಲಿ ಕ್ಯಾಂಡಿಗೆ ಸಿಡುಬು ಹಬ್ಬಿತು. ಜನ ಊರು ಬಿಟ್ಟರು, ರೋಗಿಗಳನ್ನು ಕಾಡಿನಲ್ಲಿ ಬಿಟ್ಟುಬರುವುದೂ ನಡೆಯಿತು. ವಾಸ್ ಮತ್ತು ಅವರ ಅಕ್ಕತಂಗಿಯರೊಬ್ಬರ ಮಗ ಜೋಸೆಫ್ ಕಾರ್ವಾಲೊ ಅಂಥವರನ್ನು ಹುಡುಕಿ ತಂದರು, ನೆರಳು ಮಾಡಿಕೊಟ್ಟರು, ಹುಣ್ಣು ತೊಳೆದು ಉಣಿಸಿದರು, ಸತ್ತವರನ್ನು ತಾವೇ ಮಣ್ಣುಮಾಡಿದರು. ಬೌದ್ಧರು, ಕ್ರೈಸ್ತರು ಎಂಬ ಭೇದ ಈ ಆರೈಕೆಯಲ್ಲಿರಲಿಲ್ಲ. ವಾಸ್ ಅವರ ಸುತ್ತ ಹಬ್ಬಿದ ಪವಾಡದ ಕತೆಗಳಿಗಿಂತ ಈ ಒಂದು ಸಂಗತಿ ಹೆಚ್ಚು ತೂಕದ್ದು. ಬೆನ್ನಿಗೆ ಸೈನ್ಯವಿಲ್ಲದ, ಕೈಯಲ್ಲಿ ಶಿಕ್ಷಿಸುವ ಅಧಿಕಾರವಿಲ್ಲದ ಮಿಷನ್ ಜನರ ವಿಶ್ವಾಸ ಗಳಿಸಿದ್ದು ಹೇಗೆಂಬುದು ಇಲ್ಲಿ ಕಾಣುತ್ತದೆ.

ಭಾಷೆಯ ವಿಷಯದಲ್ಲೂ ಒರಾಟರಿಯದು ಗೋವಾದ ಆಜ್ಞೆಗೆ ನೇರ ವಿರುದ್ಧವಾದ ದಾರಿ. ಮಾಂಡವಿಯ ನಡುವಿನ ದಿವಾಡಿ ದ್ವೀಪದ ಜಾಕೋಮ್ ಗೊನ್ಸಾಲ್ವಿಸ್ 1705ರಲ್ಲಿ ಸಿಂಹಳಕ್ಕೆ ಹೋಗಿ, 1742ರಲ್ಲಿ ತೀರಿಕೊಳ್ಳುವವರೆಗೂ ಸಿಂಹಳ ಮತ್ತು ತಮಿಳಿನಲ್ಲಿ ಬರೆದರು. ಸಿಂಹಳ ಕ್ರೈಸ್ತ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರು ಅವರೇ. ತಾಯ್ನಾಡಿನಲ್ಲಿ ತಾಯ್ನುಡಿಗೆ ಬೀಗ ಬಿದ್ದಿದ್ದಾಗ ಹೊರನಾಡಿನ ನುಡಿಗಳಿಗೆ ಗೋವಾದವರು ಹೀಗೆ ದುಡಿದರು.

ಆಳುವವರ ಬೆಂಬಲವಿಲ್ಲದೆ ಬೆಳೆದ ಇನ್ನೊಂದು ಕ್ರೈಸ್ತ ಪರಂಪರೆ ಯುರೋಪಿನ ಮೆನ್ನೊನೈಟರದು; ಒರಾಟರಿಯನ್ನು ಅದರೊಡನೆ ಹೋಲಿಸಿ ನೋಡಬೇಕು. 1536ರಲ್ಲಿ ಕಥೋಲಿಕ ಪಾದ್ರಿತನ ತೊರೆದ ಮೆನ್ನೊ ಸಿಮನ್ಸ್ ಅನುಯಾಯಿಗಳು ಆಯುಧ ಹಿಡಿಯಲಾರೆವು, ಸರ್ಕಾರದ ಚರ್ಚ್ ಬೇಡ ಎಂದರು; ಅವರಲ್ಲಿ ಅನೇಕರು ನೆದರ್ಲೆಂಡ್ಸ್ ಪ್ರದೇಶದಲ್ಲಿ ಕಥೋಲಿಕ ಆಳ್ವಿಕೆಯಿಂದ ಮರಣದಂಡನೆಗೆ ಗುರಿಯಾದರು. ಒಂದೂವರೆ ಶತಮಾನ ಕಳೆದ ಮೇಲೆ ಅದೇ ಪ್ರದೇಶದ ಪ್ರಾಟೆಸ್ಟಂಟ್ ಡಚ್ಚರ ವ್ಯಾಪಾರಿ ಕಂಪನಿ ಸಿಂಹಳದಲ್ಲಿ ಕಥೋಲಿಕರನ್ನು ಬೇಟೆಯಾಡಿತು. ಹಿಂಸೆ ಉಂಡ ನೆನಪು ಮೆನ್ನೊನೈಟರನ್ನು ಹಸಿದವರ ಕಡೆ ತಿರುಗಿಸಿತು: ಅವರು 1899ರಲ್ಲಿ ಬರಗಾಲದ ಬೆನ್ನಿಗೇ ಛತ್ತೀಸ್‌ಗಢದ ಧಮ್ತರಿಗೆ ಬಂದರು, 1920ರಲ್ಲಿ ಪರಿಹಾರ ಕಾರ್ಯಕ್ಕೆಂದೇ ಕೇಂದ್ರ ಸಮಿತಿ ಕಟ್ಟಿದರು. ರಾಯಚೂರಿಗೆ ಹತ್ತಿರದ ಗದ್ವಾಲ, ಮಹಬೂಬ್‌ನಗರದ ಕಡೆ ಮೆನ್ನೊನೈಟ್ ಬ್ರದರನ್ ಸಭೆಗಳು ಬೇರೂರಿವೆ. ಇಂದು ಮೆನ್ನೊನೈಟರಲ್ಲಿ ಹೆಚ್ಚಿನವರು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದವರು. ಆದರೂ ಧಮ್ತರಿಯ ಕೆಲಸ ನಡೆದದ್ದು ಬ್ರಿಟಿಷ್ ಆಡಳಿತದ ನೆರಳಿನಲ್ಲಿ. ಆಳುವವರಿಂದ ದೂರ ಉಳಿಯುವ ಮಟ್ಟಿಗೆ ಸಿಂಹಳದ ವಾಸ್ ಅವರದ್ದೇ ಹೆಚ್ಚು ಕಠಿಣ ದಾರಿ.

ಆದರೆ ಒರಾಟರಿಯ ದೋಷವೂ ಸಣ್ಣದಲ್ಲ. ಅದಕ್ಕೆ ಸೇರಬೇಕಾದರೆ ಬ್ರಾಹ್ಮಣ ಮೂಲದ ಕ್ರೈಸ್ತರಾಗಿರಬೇಕಿತ್ತು. ಬಿಳಿಯರ ಸಂಸ್ಥೆಗಳು ಬಣ್ಣ ನೋಡಿ ತಮ್ಮನ್ನು ಹೊರಗಿಟ್ಟಾಗ ನೊಂದ ಪಾದ್ರಿಗಳೇ ಜಾತಿ ನೋಡಿ ಇತರರನ್ನು ಹೊರಗಿಟ್ಟರು. ಚಾರ್ಡೊ ಎಂಬ ಇನ್ನೊಂದು ಜಾತಿಯ ಪಾದ್ರಿಗಳು 18ನೇ ಶತಮಾನದಲ್ಲಿ ಪಣಜಿ ಬಳಿಯ ಚಿಂಬಲ್‌ನಲ್ಲಿ ಕಾರ್ಮೆಲೈಟರಾಗಿ ಬೇರೆ ಮಠ ಕಟ್ಟಿಕೊಂಡರು. ವಾಸ್ ಜೊತೆ ಸಿಂಹಳಕ್ಕೆ ಹೋಗಿ ಕಷ್ಟವನ್ನೆಲ್ಲ ಹಂಚಿಕೊಂಡ ಜೊವಾಂವ್ ಚರಿತ್ರೆಯ ಪುಟಗಳಲ್ಲಿ ಕೊನೆತನಕ ಸೇವಕನಾಗಿಯೇ ಉಳಿದ. 1995ರಲ್ಲಿ ವಾಸ್ ಅವರನ್ನು ಪುನೀತರೆಂದೂ 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಲಾಯಿತು. ಸಂತರ ಗುಣಗಾನ ಮಾಡುವಾಗ ಈ ಜಾತಿ ಬೇಲಿಯ ಮಾತನ್ನೂ ಎತ್ತದೆ ಹೋದರೆ ಪರಂಪರೆಯನ್ನು ಅರ್ಧವಷ್ಟೇ ಓದಿದಂತೆ.

ಪೋರ್ಚುಗಲ್ 1834ರಲ್ಲಿ ಧಾರ್ಮಿಕ ಸಂಘಗಳನ್ನು ರದ್ದುಪಡಿಸಿದಾಗ ಒರಾಟರಿಯೂ ಮುಚ್ಚಿತು. ಸ್ಥಳೀಯ ಮಿಷನ್‌ನ ಎಳೆ ಮತ್ತೆ ಸಿಕ್ಕಿದ್ದು 1887ರಲ್ಲಿ, ಆಗೊಂದದಲ್ಲಿ ಬೆಂತೊ ಮಾರ್ಟಿನ್ಸ್ ಆರಂಭಿಸಿದ ಸಂಘದ ಮೂಲಕ. 1939ರಲ್ಲಿ ಪುನಶ್ಚೇತನಗೊಂಡ ಅದು ಪಿಲಾರ್ ಸಂಘವೆಂದು ಹೆಸರಾಗಿದೆ. ಅದರ ಪಾದ್ರಿಗಳು ಗೋವಾದ ಹೊರಗೂ ಶಾಲೆ, ಧರ್ಮಕೇಂದ್ರಗಳನ್ನು ನಡೆಸುತ್ತಾರೆ. 1933ರಲ್ಲಿ ಶುರುವಾದ ಕೊಂಕಣಿ ವಾರಪತ್ರಿಕೆ ವಾವ್ರಾಡ್ಯಾಂಚೊ ಇಷ್ಟ್ ಈಗ ಪಿಲಾರ್‌ನಿಂದ ಹೊರಡುತ್ತದೆ. ದುಡಿಯುವವರ ಗೆಳೆಯ ಎಂಬ ಹೆಸರು ಹೊತ್ತ ಆ ಪತ್ರಿಕೆ 1684ರ ಆಜ್ಞೆಗೆ ತಡವಾಗಿಯಾದರೂ ಬಂದ ಗಟ್ಟಿ ಉತ್ತರ. ಈಗ ಗೋವಾದ ಕಟ್ಟಡ ಕೆಲಸಗಳಲ್ಲಿ, ಮೀನು ಧಕ್ಕೆಗಳಲ್ಲಿ ದುಡಿಯುವವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರೂ ಇದ್ದಾರೆ. ಕೆನರಾದಲ್ಲಿ ಹಂಚಿಹೋದವರನ್ನು ಹುಡುಕಿಕೊಂಡು ನಡೆದ, ಕ್ಯಾಂಡಿಯಲ್ಲಿ ಮತ ಕೇಳದೆ ರೋಗಿಗಳನ್ನು ಎತ್ತಿಕೊಂಡ ಪರಂಪರೆ ತಮ್ಮದೆನ್ನುವ ಸಂಸ್ಥೆಗಳು ಈ ಜನರ ಮಕ್ಕಳ ಓದು ಮತ್ತು ಔಷಧೋಪಚಾರಕ್ಕೆ, ಅವರದೇ ನುಡಿಯಲ್ಲಿ, ಎಷ್ಟು ಒದಗುತ್ತವೆ ಎಂಬುದರ ಮೇಲೆ ಅವುಗಳ ಇಂದಿನ ಕೆಲಸದ ಬೆಲೆ ಕಟ್ಟಬೇಕಾಗಿದೆ.