ಒಳ್ಳೆಯ ಸುಶಿ ಯಾರ ಕೈಯದು?

ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಕೆಲಸ ಮಾಡುವ ನಮ್ಮೂರ ಗೆಳೆಯನೊಬ್ಬ ಹೋದ ವರ್ಷ ಫೋನ್ ಮಾಡಿ, "ನಮ್ಮ ಏರಿಯಾದಾಗ ಛಲೋ ಸುಶಿ ಎಲ್ಲಿ ಸಿಗ್ತದ ಅಂತ ಹುಡುಕ್ಲಾಕತ್ತೀನಿ. ನೀ ಜಪಾನಿ ಕತಿ ಓದ್ತಿಯಲ್ಲ, ಛಲೋ ಸುಶಿ ಅಂದ್ರ ಹ್ಯಾಂಗಿರ್ತದ ಹೇಳು" ಎಂದ. ಕಲಬುರಗಿ ಕೋಟೆಯ ಹತ್ತಿರದ ನನ್ನ ಬಾಡಿಗೆ ಕೋಣೆಯಲ್ಲಿ ಮೆಸ್ಸಿನ ಡಬ್ಬಿ ಬಿಚ್ಚುತ್ತಿದ್ದ ನನಗೆ ನಗು ಬಂತು. ಅಲ್ಲಿಯವರೆಗೆ ನಾನು ಸುಶಿಯ ಮುಖ ನೋಡಿದವನಲ್ಲ. ಅದರ ಬಗ್ಗೆ ಎರಡು ಕತೆ ಓದಿದ್ದೆ, ಅಷ್ಟೇ. ಅದರಲ್ಲಿ ಒಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಕೂತಿದ್ದೆ. ಆ ಅನುವಾದ ಒಂದು ಶಬ್ದದ ಮುಂದೆ ನಿಂತುಬಿಟ್ಟಿತ್ತು. ಗೆಳೆಯನ ಪ್ರಶ್ನೆಯೂ ಆ ಶಬ್ದವೂ ಒಂದೇ ಕಡೆ ಹೋಗಿ ಸೇರುತ್ತವೆ ಎಂದು ಆಗ ಹೊಳೆದಿರಲಿಲ್ಲ.

ಮೊದಲನೆಯದು ಶಿಗಾ ನಾಯೊಯಾ 1920ರಲ್ಲಿ ಪ್ರಕಟಿಸಿದ, 'ಅಂಗಡಿ ಹುಡುಗನ ದೇವರು' ಎಂದು ಕರೆಯಬಹುದಾದ ಕತೆ. ಸೆಂಕಿಚಿ ಎಂಬ ಹುಡುಗ ಟೋಕಿಯೋದ ಒಂದು ತಕ್ಕಡಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ದೊಡ್ಡ ಗುಮಾಸ್ತರು ಯಾವ ಅಂಗಡಿಯ ಸುಶಿ ಚೆನ್ನ ಎಂದು ಮಾತಾಡುವುದನ್ನು ಕೇಳಿ ಅವನ ಬಾಯಲ್ಲಿ ನೀರು ಬರುತ್ತದೆ. ಒಂದು ದಿನ ಕೆಲಸದ ಮೇಲೆ ಹೋದಾಗ ಟ್ರಾಮಿನ ದುಡ್ಡು ಉಳಿಸಿಕೊಂಡು, ನಾಲ್ಕು ಸೆನ್ ಹಿಡಿದು, ರಸ್ತೆ ಬದಿಯ ಸುಶಿ ಗಾಡಿಯ ಪರದೆಯೊಳಗೆ ನುಗ್ಗುತ್ತಾನೆ. ಒಂದು ತುಂಡು ಕೈಗೆತ್ತಿಕೊಳ್ಳುತ್ತಾನೆ. ಅದಕ್ಕೆ ಆರು ಸೆನ್ ಎನ್ನುತ್ತಾನೆ ಅಂಗಡಿಯವನು. ಹುಡುಗ ಸುಮ್ಮನೆ ಅದನ್ನು ಅಲ್ಲೇ ಇಟ್ಟು ಹೊರಗೆ ಬರುತ್ತಾನೆ. ಒಮ್ಮೆ ಎತ್ತಿದ್ದನ್ನು ಹೀಗೆ ಇಟ್ಟರೆ ಏನು ಮಾಡುವುದು ಎಂದು ಗೊಣಗುತ್ತ ಅಂಗಡಿಯವನು ಆ ತುಂಡನ್ನು ತನ್ನ ಕಡೆಗೆ ಸರಿಸಿಕೊಳ್ಳುತ್ತಾನೆ.

ಇದನ್ನೆಲ್ಲ ನೋಡಿದ ಒಬ್ಬ ಶ್ರೀಮಂತ, ಮೇಲ್ಮನೆಯ ಸದಸ್ಯ, ಮುಂದೊಂದು ದಿನ ಆ ಹುಡುಗನನ್ನು ಕರೆದೊಯ್ದು, ಒಳ್ಳೆಯ ಅಂಗಡಿಯೊಂದರಲ್ಲಿ ಮೊದಲೇ ದುಡ್ಡು ಕೊಟ್ಟು, ಹೊಟ್ಟೆ ತುಂಬ ತಿನ್ನು ಎಂದು ಹೇಳಿ ಹೊರಟುಹೋಗುತ್ತಾನೆ. ಆಮೇಲೆ ಅವನಿಗೆ ಸಂತೋಷವಾಗುವುದಿಲ್ಲ. ಕದ್ದು ಏನೋ ತಪ್ಪು ಮಾಡಿದಂತೆ ಮನಸ್ಸು ಖಾಲಿಯಾಗುತ್ತದೆ. ಹುಡುಗನಿಗೆ ಮಾತ್ರ ಅವನು ದೇವರೇ ಇರಬೇಕು ಅನ್ನಿಸತೊಡಗುತ್ತದೆ. ಕೊನೆಗೆ ಲೇಖಕನೇ ಕತೆಯೊಳಗೆ ಬರುತ್ತಾನೆ. ಹುಡುಗ ಆ ವಿಳಾಸ ಹುಡುಕಿ ಹೋಗುತ್ತಾನೆ, ಅಲ್ಲಿ ಮನೆಯ ಬದಲು ಸಣ್ಣದೊಂದು ಇನಾರಿ ದೇವರ ಗುಡಿ ಇರುತ್ತದೆ, ಹಾಗೆ ಮುಗಿಸೋಣವೆಂದಿದ್ದೆ, ಆದರೆ ಹುಡುಗನಿಗೆ ಅದು ತೀರ ನಿರ್ದಯವಾದೀತು ಎನಿಸಿ ನಿಲ್ಲಿಸಿದೆ ಎನ್ನುತ್ತಾನೆ.

ಈ ಕತೆಯ ವಿಮರ್ಶೆ ಬಹುಪಾಲು ದಾನದ ಸುತ್ತ, ಕೊನೆಯಲ್ಲಿ ಲೇಖಕ ಪ್ರವೇಶಿಸುವುದರ ಸುತ್ತ ನಡೆಯಬಹುದು. ನನಗೆ ಕಚ್ಚಿಕೊಂಡದ್ದು ಎತ್ತಿ ಇಟ್ಟ ಆ ತುಂಡು. ಅದಕ್ಕೆ ಕಾರಣ ಕಮಲಾಪುರ.

ಕಮಲಾಪುರದ ಕೆಂಪು ಬಾಳೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ ಆ ಹಣ್ಣನ್ನು ಇಟ್ಟುಕೊಂಡು ಕೂತವರನ್ನು ನೀವೂ ನೋಡಿರಬಹುದು. ಬೇರೆ ಬಾಳೆಗಿಂತ ಬೆಲೆ ಹೆಚ್ಚು. ನಮ್ಮವ್ವ ಆ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು, ಗೊನೆ ಹೊರುತ್ತಿದ್ದಳು. ನನಗೆ ಏಳೆಂಟು ವರ್ಷವಿದ್ದಾಗ ರಸ್ತೆ ಬದಿಯ ಒಂದು ಬುಟ್ಟಿಯಿಂದ ಹಣ್ಣೊಂದನ್ನು ಎತ್ತಿಕೊಂಡೆ. ಬೆಲೆ ಹೇಳಿದರು. ಅವ್ವ ನನ್ನ ಕೈಯಿಂದ ತೆಗೆದು ಬುಟ್ಟಿಯಲ್ಲೇ ಇಟ್ಟಳು. ಮಾರುವಾಕೆ ತಂಬಿಗೆಯ ನೀರು ತೆಗೆದುಕೊಂಡು ಬುಟ್ಟಿಯ ಮೇಲೆ ಚಿಮುಕಿಸಿದಳು. ಬಿಸಿಲಿಗೆ ಹಣ್ಣು ಬಾಡದಿರಲೆಂದು ನೀರು ಹೊಡೆಯುವುದು ಎಲ್ಲ ವ್ಯಾಪಾರಿಗಳೂ ಮಾಡುವ ಕೆಲಸ. ಅವತ್ತಿನದು ಆ ನೀರೋ, ಬೇರೆ ನೀರೋ, ನನಗೆ ಇವತ್ತಿಗೂ ತಿಳಿದಿಲ್ಲ. ಅವ್ವ ತಿರುಗಿ ನೋಡಲಿಲ್ಲ, ನಾನೂ ಕೇಳಲಿಲ್ಲ.

ಹಾಗಾಗಿ ಸೆಂಕಿಚಿ ಇಟ್ಟ ತುಂಡನ್ನು ಅಂಗಡಿಯವನು ಸರಿಸಿದಾಗ ನನಗೆ ತಂಬಿಗೆ ಕಂಡಿತು. ಇದು ಸರಿಯಾದ ಓದೇ? ಅಲ್ಲ ಎಂದೇ ಹೇಳಬೇಕು. ಟೋಕಿಯೋದ ಆ ಗಾಡಿಯ ಮುಂದೆ ನಿಂತವರೆಲ್ಲ ಕೈಯಿಂದಲೇ ಎತ್ತಿ ತಿನ್ನುವವರು. ಅಲ್ಲಿ ನಡೆದದ್ದು ಎರಡು ಸೆನ್ ಕೊರತೆಯ ಅವಮಾನ, ತಕ್ಕಡಿ ಅಂಗಡಿಯ ಹುಡುಗನೇ ತೂಕಕ್ಕೆ ಬಾರದೆ ಹೋದ ಅವಮಾನ. ನನ್ನ ತಂಬಿಗೆಯನ್ನು ಅಲ್ಲಿಗೆ ಒಯ್ಯುವುದು ತಪ್ಪು ಎಂದು ಅದನ್ನು ಪಕ್ಕಕ್ಕಿಟ್ಟೆ. ಎರಡನೆಯ ಕತೆ ಮಾತ್ರ ಅದನ್ನು ಪಕ್ಕಕ್ಕಿಡಲು ಬಿಡಲಿಲ್ಲ.

ಅದು ಒಕಾಮೊಟೊ ಕನೊಕೊ 1939ರಲ್ಲಿ ಪ್ರಕಟಿಸಿದ 'ಸುಶಿ'. ಅದೇ ವರ್ಷ ಆಕೆ ತೀರಿಕೊಂಡರು. ಕತೆ ನಡೆಯುವುದು ಟೋಕಿಯೋದ ಪೇಟೆಯೂ ಮೇಲುಬಡಾವಣೆಯೂ ಕೂಡುವ ಒಂದು ಓಣಿಯ ಸುಶಿ ಅಂಗಡಿಯಲ್ಲಿ. ಅಂಗಡಿಯವರ ಮಗಳು ತೊಮೊಯೊ. ದಿನಾ ಬರುವ ಗಿರಾಕಿಗಳಲ್ಲಿ ಮಿನಾತೊ ಎಂಬ ಐವತ್ತರ ಆಸುಪಾಸಿನ ಒಬ್ಬ ಮಿತಭಾಷಿ. ಒಂದು ದಿನ ಹೊರಗೆ ಸಿಕ್ಕಾಗ, ತನಗೆ ಸುಶಿ ಯಾಕೆ ಬೇಕು ಎಂದು ಆತ ಹೇಳುತ್ತಾನೆ. ಚಿಕ್ಕಂದಿನಲ್ಲಿ ಅವನಿಗೆ ಊಟವೆಂದರೆ ಸಂಕಟ. ಬಣ್ಣ, ವಾಸನೆ, ರುಚಿ ಇರುವ ಮುದ್ದೆಯೊಂದು ಒಳಗೆ ಹೋದರೆ ತನ್ನ ಮೈ ಕೆಟ್ಟುಹೋಗುತ್ತದೆ ಅನ್ನಿಸುತ್ತಿತ್ತು. ಮಗು ಸೊರಗಿತು. ಆಗ ತಾಯಿ ಒಂದು ದಿನ ಹೊಸ ಚಾಪೆ ಹಾಸಿ, ಹೊಸ ಮಣೆ, ಹೊಸ ಚಾಕು ತಂದಿಟ್ಟು, ತೊಳೆದ ಕೈಗಳನ್ನು ತಿರುಗಿಸಿ ತಿರುಗಿಸಿ ಮಗನಿಗೆ ತೋರಿಸುತ್ತಾಳೆ. ಎಲ್ಲ ಹೊಸದು, ಮಾಡುವವಳು ನಿನ್ನ ತಾಯಿ, ಕೈ ಚೊಕ್ಕಟವಾಗಿದೆ ಎಂದು ಹೇಳಿ ಅನ್ನ ಒತ್ತಿ ಮೊಟ್ಟೆಯ ಸುಶಿ ಮಾಡಿಕೊಡುತ್ತಾಳೆ. ಹುಡುಗ ತಿನ್ನುತ್ತಾನೆ. ಆಮೇಲೆ ಮೀನನ್ನೂ ತಿನ್ನುತ್ತಾನೆ.

'ಮೈ ಕೆಟ್ಟುಹೋಗುತ್ತದೆ' ಎಂದು ಮೇಲೆ ಬರೆದೆನಲ್ಲ, ಅನುವಾದ ನಿಂತದ್ದು ಅಲ್ಲಿಯೇ. ಜಪಾನೀ ಬಲ್ಲ ಪರಿಚಿತರೊಬ್ಬರನ್ನು ಕೇಳಿದೆ. ಮೂಲದಲ್ಲಿರುವುದು 'ಕೆಗಾರೆ' ಎಂಬ ಶಬ್ದದ ಕ್ರಿಯಾರೂಪ ಎಂದರು. ಹೆರಿಗೆ, ಸಾವು, ರಕ್ತ ಇವುಗಳಿಂದ ಅಂಟುತ್ತದೆ ಎಂದು ಶಿಂತೋ ಆಚರಣೆ ನಂಬುವ, ನೀರಿನಿಂದ ತೊಳೆದು ಕಳೆದುಕೊಳ್ಳುವ ಸ್ಥಿತಿ ಅದು. ಕನ್ನಡದಲ್ಲಿ ಅದಕ್ಕೆ ಶಬ್ದ ಹುಡುಕಬೇಕಿಲ್ಲ, ಮನೆ ಮನೆಯಲ್ಲಿ ಇದೆ: ಮೈಲಿಗೆ.

ಆದರೆ ಮೈಲಿಗೆ ಎಂದು ಬರೆದ ಕೂಡಲೇ ಕತೆ ಬದಲಾಗುತ್ತದೆ. ಮಿನಾತೊನ ಭಯ ಒಂಟಿ ಮಗುವಿನ ಭಯ. ಅವನು ಯಾರನ್ನೂ ದೂರ ಇಡುತ್ತಿಲ್ಲ, ಇಡೀ ಲೋಕವೇ ತನ್ನ ಬಾಯಿಂದ ದೂರವಿರಲಿ ಎನ್ನುತ್ತಾನೆ. ಕನ್ನಡದ ಮೈಲಿಗೆಗೆ ವಿಳಾಸವಿದೆ. ಅದು ಇಂಥವರ ಕೈಯಿಂದ, ಇಂಥ ಓಣಿಯಿಂದ ಬರುತ್ತದೆ. 'ಅಸಹ್ಯ' ಎಂದು ಬರೆದರೆ ಮಗುವಿನ ಸಂಕಟ ಉಳಿಯುತ್ತದೆ, ಶಬ್ದದ ಚರಿತ್ರೆ ಹೋಗುತ್ತದೆ. ಜಪಾನಿನಲ್ಲೂ ಆ ಶಬ್ದ ಮುಗ್ಧವಲ್ಲ. ಪ್ರಾಣಿ ಕೊಯ್ಯುವ, ಚರ್ಮ ಹದ ಮಾಡುವ ಕೆಲಸದ ಸಮುದಾಯಗಳನ್ನು ಅದೇ ನಂಬಿಕೆಯ ನೆಪದಲ್ಲಿ ಊರ ಹೊರಗಿಡಲಾಗಿತ್ತು. 1871ರ ಸರ್ಕಾರಿ ಆದೇಶ ಆ ಭೇದವನ್ನು ಕಾಗದದ ಮೇಲೆ ತೆಗೆದುಹಾಕಿತು, ಬದುಕಿನಲ್ಲಿ ಅದು ಉಳಿಯಿತು. ಶಿಮಜಾಕಿ ತೋಸೊನ್ 1906ರಲ್ಲಿ ಬರೆದ 'ಹಕಾಯ್' ಕಾದಂಬರಿಯ ವಸ್ತುವೇ ಅದು: ಹುಟ್ಟನ್ನು ಮುಚ್ಚಿಟ್ಟುಕೊಂಡ ಒಬ್ಬ ಶಾಲಾ ಮಾಸ್ತರನ ಪಾಡು.

ಈ ಗೊಂದಲದಲ್ಲಿದ್ದಾಗಲೇ ವಿಚಾರಸಂಕಿರಣವೊಂದಕ್ಕೆ ಬೆಂಗಳೂರಿಗೆ ಹೋದೆ, ಗೆಳೆಯನ ಕೋಣೆಯಲ್ಲಿ ಉಳಿದೆ. ಅವನು ಜಪಾನೀ ಹೋಟೆಲುಗಳ ಪಟ್ಟಿ ಮಾಡಿಟ್ಟಿದ್ದ. 1997ರಲ್ಲಿ ಸ್ಥಾಪನೆಯಾದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್‌ನಂಥ ಕಂಪನಿಗಳ ಜೊತೆಗೆ ಜಪಾನೀಯರು ಬಂದರು, ಅವರ ಊಟವೂ ಬಂತು. ಮೊದಲು ನಡುನಗರದ ಹೋಟೆಲುಗಳಲ್ಲಿ ಸಿಗುತ್ತಿದ್ದದ್ದು ಈಗ ಬಡಾವಣೆಗಳಿಗೂ ಹರಡಿದೆ. ಗೆಳೆಯನ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಗುರುತು: 'ಅಸಲಿ' ಅಥವಾ 'ಅಸಲಿ ಅಲ್ಲ'. ಬಾಣಸಿಗ ಜಪಾನಿನವನಾಗಿದ್ದರೆ ಅಸಲಿ.

ಈ ಅಸಲಿಯನ್ನು ಸ್ವಲ್ಪ ಕೆದಕಿದರೆ ಕೈಗೆ ಏನೂ ಸಿಗುವುದಿಲ್ಲ. ಸುಶಿಯ ಹಳೆಯ ರೂಪದಲ್ಲಿ ಮೀನನ್ನು ಅನ್ನದಲ್ಲಿ ಹೂತು ತಿಂಗಳುಗಟ್ಟಲೆ ಹುಳಿ ಬರಿಸುತ್ತಿದ್ದರು. ಮೀನು ತಿಂದು ಅನ್ನವನ್ನು ಎಸೆಯುವುದೂ ಇತ್ತು. ಬಿವಾ ಸರೋವರದ ಸೀಮೆಯಲ್ಲಿ ಆ ಬಗೆ ಇನ್ನೂ ಉಳಿದಿದೆ. ಹುಳಿಗೆ ಕಾಯಲು ಪುರುಸೊತ್ತಿಲ್ಲದ ಎಡೊ ಪಟ್ಟಣದಲ್ಲಿ ಅನ್ನಕ್ಕೆ ವಿನೆಗರ್ ಬೆರೆಸಿ, ಕೈಯಲ್ಲಿ ಒತ್ತಿ, ಮೇಲೆ ಮೀನಿಟ್ಟು ಕೊಡುವ ಬಗೆ 1820ರ ದಶಕದ ಹೊತ್ತಿಗೆ ರೂಢಿಯಾಯಿತು. ಹನಾಯಾ ಯೊಹೇ ಎಂಬಾತನ ಹೆಸರನ್ನು ಅದಕ್ಕೆ ಜೋಡಿಸುತ್ತಾರೆ. ಅಂದರೆ ನಮ್ಮ ಮಿರ್ಚಿ ಭಜಿಯಂತೆ ಗಾಡಿಯ ತಿಂಡಿ. ಇವತ್ತು ಸುಶಿ ಎಂದರೆ ಕಣ್ಣಿಗೆ ಬರುವ ಕೇಸರಿ ಬಣ್ಣದ ಹಸಿ ಸಾಲ್ಮನ್ ಹರಡಿದ್ದು, ನಾರ್ವೆ ದೇಶ 1980ರ ದಶಕದಲ್ಲಿ ತನ್ನ ಮೀನು ಮಾರಲು ಜಪಾನಿನಲ್ಲಿ ಪ್ರಚಾರ ಮಾಡಿದ ಮೇಲೆ. ಸೆಂಕಿಚಿಗಾಗಲಿ ಮಿನಾತೊಗಾಗಲಿ ಅದು ಗೊತ್ತಿರಲಾರದು.

ಹಾಗಾದರೆ ಗೆಳೆಯನ ಗುರುತು ಏನನ್ನು ಅಳೆಯುತ್ತಿತ್ತು? ಕೈಯನ್ನು. ಇದು ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಬಸ್ ಸ್ಟ್ಯಾಂಡಿನ ಸುತ್ತ 'ಲಿಂಗಾಯತ ಖಾನಾವಳಿ' ಎಂಬ ಬೋರ್ಡು ಎಷ್ಟಿಲ್ಲ, ಬೆಂಗಳೂರಿನಲ್ಲಿ 'ಬ್ರಾಹ್ಮಣರ' ಎಂದು ಬರೆದ ಹೋಟೆಲು ಎಷ್ಟಿಲ್ಲ. ಅಲ್ಲಿ ಊಟ ರುಚಿಯಾಗಿಯೇ ಇರುತ್ತದೆ, ನಾನೂ ಉಂಡಿದ್ದೇನೆ. ಆದರೆ ಬೋರ್ಡು ಮೊದಲು ಹೇಳುವುದು ರುಚಿಯ ವಿಷಯವನ್ನಲ್ಲ. ಅದೇ ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ದಾಸೋಹವೂ ಇದೆ, ಬಂದೇನವಾಜರ ದರ್ಗಾದ ಲಂಗರೂ ಇದೆ. ಯಾರು ಮಾಡಿದ್ದು, ಯಾರು ಉಂಡದ್ದು ಎಂದು ಕೇಳದೆ ಉಣ್ಣುವುದೂ ನಮಗೆ ಗೊತ್ತು. ಎರಡೂ ಒಂದೇ ಊರಿನ ತಿಳಿವಳಿಕೆ.

ಕೊನೆಗೆ ನಾವು ಹೋದದ್ದು 'ಅಸಲಿ ಅಲ್ಲ' ಎಂಬ ಗುರುತಿನ ಒಂದು ಸಣ್ಣ ಅಂಗಡಿಗೆ, ಬೆಲೆ ಕಡಿಮೆ ಎಂಬ ಕಾರಣಕ್ಕೆ. ಆದರೂ ಒಂದು ತಟ್ಟೆಯ ಬೆಲೆಯಲ್ಲಿ ನನ್ನ ಮೆಸ್ಸಿನ ವಾರ ಕಳೆಯುತ್ತಿತ್ತು. ಕಟ್ಟೆಯ ಆಚೆ ನಿಂತಿದ್ದ ಹುಡುಗ ಮಣಿಪುರದವನು. ತೆಳು ಕೈಗವಸು ಹಾಕಿಕೊಂಡಿದ್ದ. ನಾನು ಕತೆಯ ನೆನಪಿಗೆ ಮೊಟ್ಟೆಯ ಸುಶಿ ಕೇಳಿದೆ. ಎಡಗೈಯಲ್ಲಿ ಅನ್ನ ತೆಗೆದುಕೊಂಡು, ಬಲಗೈಯ ಎರಡು ಬೆರಳಿಂದ ಒತ್ತಿ, ತಿರುಗಿಸಿ, ಮತ್ತೆ ಒತ್ತಿದ. ಅನ್ನ ಉಗುರುಬೆಚ್ಚಗಿತ್ತು, ಸಣ್ಣ ಹುಳಿಯಿತ್ತು, ಬಾಯಲ್ಲಿ ಇಟ್ಟ ಕೂಡಲೇ ಬಿಡಿಬಿಡಿಯಾಯಿತು. ನನಗೆ ಹಿಡಿಸಿತು. ಗವಸು ಇಲ್ಲದೆ ಮಾಡುವುದಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದೆ. ಕಲಿಯುವಾಗ ಬರಿಗೈಯಲ್ಲೇ ಕಲಿತೆ ಸರ್, ಬರಿಗೈಯಲ್ಲಿ ಅನ್ನ ಎಷ್ಟು ಒತ್ತಬೇಕು ಅಂತ ಗೊತ್ತಾಗುತ್ತದೆ, ಇಲ್ಲಿ ಕೆಲವು ಗಿರಾಕಿಗಳಿಗೆ ನನ್ನ ಕೈ ಸೇರುವುದಿಲ್ಲ ಎಂದ. 'ನನ್ನ ಕೈ' ಎಂದೇ ಅಂದ. ಬರಿಗೈ ಎನ್ನಲು ಹೋಗಿ ಹಾಗೆಂದನೋ, ಬೇರೆ ಅರ್ಥದಲ್ಲೇ ಹೇಳಿದನೋ, ಕೇಳಲಿಲ್ಲ. ಮತ್ತೆ ಅದೇ ತಂಬಿಗೆಯ ನೀರು.

ಊರಿಗೆ ಬಂದ ಮೇಲೆ ಕಮಲಾಪುರಕ್ಕೆ ಹೋಗಿ ಅನುವಾದದ ಆ ಭಾಗವನ್ನು ಅವ್ವನಿಗೆ ಓದಿ ಹೇಳಿದೆ. ತಾಯಿ ಕೈ ತಿರುಗಿಸಿ ತೋರಿಸುವಲ್ಲಿಗೆ ಬಂದಾಗ ಅವ್ವ, "ಕೈ ತೊಳದೀನಿ ಅಂತ ತೋರ್ಸಿದ್ರ ಸಾಕಾಯ್ತೇನು ಅಲ್ಲಿ?" ಎಂದಳು. "ಸಾಕಾಯ್ತು, ಹುಡುಗ ಉಂಡ" ಎಂದೆ. "ಛಲೋ ಆಯ್ತು ಬಿಡು" ಎಂದು ರೊಟ್ಟಿ ಬಡಿಯಲು ಎದ್ದಳು.

ಅವ್ವನ ಆ ಪ್ರಶ್ನೆ ಟೋಕಿಯೋದ ಓದುಗರಿಗೆ ಹೊಳೆಯಲಾರದು ಎಂದು ನನ್ನ ಅಂದಾಜು. ತಾಯಿಯ ಪ್ರೀತಿಯಿಂದ ಮಗು ಉಂಡಿತು ಎಂದು ಅವರು ಓದಿಕೊಂಡಾರು, ಅದು ಸರಿಯೂ ಹೌದು. ನಮ್ಮ ಕಡೆಯಿಂದ ಓದಿದಾಗ ಕತೆ ಇನ್ನೊಂದನ್ನೂ ಹೇಳುತ್ತದೆ: ತೊಳೆದ ಕೈಯನ್ನು ತೊಳೆದ ಕೈ ಎಂದು ನಂಬುವ ಒಬ್ಬ ಎದುರಿಗಿದ್ದರೆ ಮಾತ್ರ ಮೈಲಿಗೆ ಹೋಗುತ್ತದೆ. ಆ ನಂಬಿಕೆ ಕಾಣಬೇಕಾದರೆ ಶಬ್ದ ಮೈಲಿಗೆಯೇ ಆಗಬೇಕು. 'ಅಸಹ್ಯ'ವನ್ನು ಹೊಡೆದುಹಾಕಿ ಅದನ್ನೇ ಬರೆದೆ. ಮಗುವಿನ ಒಂಟಿತನ ಇದರಿಂದ ಸ್ವಲ್ಪ ಮಸುಕಾಗಿದೆ, ಒಪ್ಪುತ್ತೇನೆ. ಜಪಾನೀ ಬಲ್ಲವರು ಇನ್ನೂ ಒಳ್ಳೆಯ ದಾರಿ ತೋರಿಸಿದರೆ ತಿದ್ದಿಕೊಳ್ಳುತ್ತೇನೆ.

ಒಕಾಮೊಟೊ ಅವರ ಕತೆ ಮುಗಿಯುವುದು ಮಿನಾತೊ ಅಂಗಡಿಗೆ ಬರುವುದನ್ನು ನಿಲ್ಲಿಸಿದಾಗ. ತೊಮೊಯೊ ಸ್ವಲ್ಪ ದಿನ ನೆನಪಿಸಿಕೊಂಡು, ಎಲ್ಲೋ ಬೇರೆ ಕಡೆ ಮನೆ ಮಾಡಿರಬೇಕು, ಅಲ್ಲಿನ ಸುಶಿ ಅಂಗಡಿಗೆ ಹೋಗುತ್ತಿರಬೇಕು, ಸುಶಿ ಅಂಗಡಿ ಎಲ್ಲ ಕಡೆ ಇದ್ದೇ ಇರುತ್ತದಲ್ಲ ಎಂದುಕೊಳ್ಳುತ್ತಾಳೆ.

ಮೊನ್ನೆ ಗೆಳೆಯ ಫೋನ್ ಮಾಡಿದ್ದ. ಪಟ್ಟಿ ಬಿಟ್ಟುಬಿಟ್ಟಿದ್ದಾನಂತೆ. ತಿಂಗಳಿಗೊಮ್ಮೆ ಅದೇ ಸಣ್ಣ ಅಂಗಡಿಗೆ ಹೋಗುತ್ತಿದ್ದನಂತೆ. "ಆ ಹುಡುಗ ಈಗ ಇಲ್ಲಲೇ, ಕೆಲಸ ಬಿಟ್ಟಾನ" ಎಂದ. ಎಲ್ಲಿಗೆ ಹೋದ ಎಂದು ಕೇಳಿದೆ. ಅಂಗಡಿಯವರಿಗೂ ಗೊತ್ತಿರಲಿಲ್ಲವಂತೆ. "ಈಗ ಅವನ ಹುಡುಕ್ಲಾಕತ್ತೀನಿ" ಎಂದ.