ಕಾಸಿನ ಕಾರ್ಡು, ಕಸುವಿನ ಡೆಕ್ಕು

‘ಮ್ಯಾಜಿಕ್: ದ ಗ್ಯಾದರಿಂಗ್’ ಆಡಲು ಹೊರಟವರಿಗೆ ಬಲ್ಲವರು ಹೇಳುವ ಮೊದಲ ಮಾತು, ಜೇಬು ಜೋಪಾನ ಎಂಬುದು. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, 1993ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಆಟದಲ್ಲಿ ರಮ್ಮಿಯ ಹಾಗೆ ಎಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುವುದಿಲ್ಲ. ಅವರವರು ಆರಿಸಿದ ಕಾರ್ಡುಗಳ ಡೆಕ್ಕನ್ನು ಅವರವರೇ ಕಟ್ಟಿಕೊಂಡು ಬರಬೇಕು. ದುಡ್ಡಿದ್ದವನೇ ಗೆಲ್ಲುತ್ತಾನೆ ಎಂಬ ಅನುಮಾನ ಅಲ್ಲಿಂದಲೇ ಶುರು. ಅನುಮಾನ ಅರ್ಧ ನಿಜ. ಉಳಿದರ್ಧಕ್ಕಾಗಿ ಈ ವಾರದ ಅಂಕಣ.

ಕಾರ್ಡಿನ ಬೆಲೆಯನ್ನು ಬರೀ ಅದರ ಬಲ ನಿರ್ಧರಿಸುವುದಿಲ್ಲ, ಅದನ್ನು ಎಷ್ಟು ಡೆಕ್ಕುಗಳು ಬಯಸುತ್ತವೆ ಎಂಬುದೂ ನಿರ್ಧರಿಸುತ್ತದೆ. ತುಪ್ಪ ಹೋಳಿಗೆಗೂ ಬೇಕು, ಸಾರನ್ನಕ್ಕೂ ಬೇಕು. ಅದರ ಬೆಲೆ ಇಳಿಯುವುದೇ ಇಲ್ಲ. ತೋಡಿನ ಬದಿಯ ಕೆಸುವಿನೆಲೆಗೆ ಅಷ್ಟು ಗಿರಾಕಿಗಳಿಲ್ಲ, ಆದರೆ ಅದಿಲ್ಲದೆ ಪತ್ರೊಡೆಯೇ ಇಲ್ಲ. ಎಲ್ಲ ಡೆಕ್ಕಿಗೂ ಒಗ್ಗುವ ಕಾರ್ಡು ದುಬಾರಿ. ನನಗಾಗಿಯೇ ಒಂದು ಡೆಕ್ ಕಟ್ಟು ಎಂದು ಹಟ ಹಿಡಿಯುವ ಕಾರ್ಡು ಅಗ್ಗ. ‘ರಿಸ್ಟಿಕ್ ಸ್ಟಡಿ’ಯ ಕಥೆ ನೋಡಿ. 2000ದ ‘ಪ್ರಾಫೆಸಿ’ ಸೆಟ್ಟಿನಲ್ಲಿ ಅದೊಂದು ಕಾಮನ್, ಅಂದರೆ ಹೇರಳವಾಗಿ ಸಿಗುವ ದರ್ಜೆಯ, ಕಾರ್ಡು. ಎದುರಾಳಿ ಮಂತ್ರ ಹಾಕಿದಾಗಲೆಲ್ಲ ಒಂದು ಮಾನಾ (ಕಾರ್ಡು ಆಡಲು ತೆರುವ ಶಕ್ತಿ) ಹೆಚ್ಚಿಗೆ ತೆರದಿದ್ದರೆ ನಿಮಗೊಂದು ಕಾರ್ಡು ಸಿಗುತ್ತದೆ. ಇಬ್ಬರ ಆಟದಲ್ಲಿ ಯಾರೂ ಅದನ್ನು ಕಣ್ಣೆತ್ತಿ ನೋಡಲಿಲ್ಲ. ನಾಲ್ವರು ಕೂತು ಆಡುವ ‘ಕಮಾಂಡರ್’ ಬಗೆ ಜನಪ್ರಿಯವಾದದ್ದೇ ತಡ, ನೀಲಿ ಬಣ್ಣದ ಡೆಕ್ಕುಗಳೆಲ್ಲ ಅದನ್ನು ಬಯಸಿದವು, ಬೆಲೆ ಹತ್ತಾರು ಡಾಲರಿಗೆ ಏರಿತು. ಕಾರ್ಡಿನ ಮೇಲಿನ ಒಂದಕ್ಷರವೂ ಬದಲಾಗಿರಲಿಲ್ಲ.

ಹಟಮಾರಿ ಕಾರ್ಡುಗಳಿಗೆ ಒಳ್ಳೆಯ ಮನೆಯೂ ಇದೇ ಕಮಾಂಡರ್. ಇಲ್ಲಿ ಡೆಕ್ಕಿಗೆ 100 ಕಾರ್ಡು, ಆರಂಭದ ಜೀವಾಂಕ 40. ಮಾನಾ ಕೊಡುವ ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದು ಕಾರ್ಡು ಎರಡು ಸಲ ಬರುವಂತಿಲ್ಲ. ನೂರರಲ್ಲಿ ಒಂದು ಲೆಜೆಂಡರಿ ಜೀವಿ ನಿಮ್ಮ ಕಮಾಂಡರ್. ಅದು ಕಟ್ಟಿನೊಳಗೆ ಹುದುಗಿರುವುದಿಲ್ಲ, ಹೊರಗೇ ಕಾದಿರುತ್ತದೆ. ಮಾನಾ ಸೇರಿದಾಗ ಕರೆದರಾಯಿತು. ಕೈಗೆ ಬರುತ್ತದೋ ಇಲ್ಲವೋ ಎಂಬ ಚಿಂತೆಯಿಲ್ಲದ್ದರಿಂದ ವಿಚಿತ್ರ ಕಾರ್ಡೊಂದನ್ನು ನಂಬಿ ಉಳಿದ 99ನ್ನು ಜೋಡಿಸಬಹುದು.

ನನ್ನ ಮೊದಲ ಆಯ್ಕೆ ‘ಜಾಡಾ, ಹೆಡ್ರನ್ ಗ್ರೈಂಡರ್’. 2015ರ ‘ಬ್ಯಾಟಲ್ ಫಾರ್ ಜೆಂಡಿಕಾರ್’ ಸೆಟ್ಟಿನ ಕೆಂಪು ಗಾಬ್ಲಿನ್. ನಾಲ್ಕು ಮಾನಾಕ್ಕೆ ಬರುತ್ತದೆ. ಜಾಡಾ ಒಂದನ್ನೇ ಗುರಿಯಾಗಿಸಿ ನೀವು ಮಂತ್ರ ಹಾಕಿದರೆ, ನಿಮ್ಮ ಉಳಿದ ಪ್ರತಿ ಜೀವಿಗೂ ಅದರ ನಕಲು ಸಿಗುತ್ತದೆ. ‘ಎಕ್ಸ್‌ಪಿಡೈಟ್’ ಎಂಬ ಬಡಪಾಯಿ ಕಾಮನ್ ಒಂದೇ ಮಾನಾಕ್ಕೆ ಒಂದು ಜೀವಿಗೆ ಬಂದ ಸರದಿಯಲ್ಲೇ ದಾಳಿ ಮಾಡುವ ಚುರುಕು ಕೊಟ್ಟು, ನಿಮಗೊಂದು ಕಾರ್ಡು ಎಳೆಸುತ್ತದೆ. ಬೇರೆ ಡೆಕ್ಕಿನಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿ ಜಾಡಾ ಜೊತೆ ಒಂಬತ್ತು ಗಾಬ್ಲಿನ್ ಟೋಕನ್ (ಬೇರೆ ಕಾರ್ಡುಗಳು ಹುಟ್ಟಿಸುವ ಜೀವಿಗಳು) ಇದ್ದರೆ ಅದೇ ಒಂದು ಮಾನಾಕ್ಕೆ ಹತ್ತು ಕಾರ್ಡು ಕೈಗೆ, ಹತ್ತೂ ಜೀವಿಗಳಿಗೆ ಚುರುಕು. ಟೋಕನ್ ತರುವ ‘ಡ್ರ್ಯಾಗನ್ ಫಾಡರ್’, ‘ಕ್ರೆಂಕೋಸ್ ಕಮಾಂಡ್’ ಕೂಡ ಕಾಮನ್‌ಗಳೇ. ಒಂದು ಕಿವಿಮಾತು: ನಾಲ್ಕು ಮಾನಾ ಆದೊಡನೆ ಜಾಡಾವನ್ನು ಇಳಿಸಬೇಡಿ. ಐದಾರು ಸೇರಲಿ, ಇಳಿಸಿದ ಸರದಿಯಲ್ಲೇ ಮಂತ್ರವೂ ಬೀಳಲಿ. ಎದುರಾಳಿಗಳಿಗೆ ಒಂದು ಸುತ್ತು ಬಿಟ್ಟುಕೊಟ್ಟರೆ ಜಾಡಾ ಉಳಿಯುವುದು ಅಪರೂಪ.

ಎರಡನೆಯದು ‘ಟ್ಯಾಟ್ಯೋವಾ, ಬೆಂಥಿಕ್ ಡ್ರೂಯಿಡ್’, ಹಸಿರು-ನೀಲಿ. 2018ರ ‘ಡೊಮಿನೇರಿಯಾ’ ಸೆಟ್ಟಿನ ಪ್ರತಿ ಪೊಟ್ಟಣದಲ್ಲೂ ಒಂದು ಲೆಜೆಂಡರಿ ಜೀವಿ ಇರುತ್ತಿತ್ತು. ಅನೇಕವು ಅನ್‌ಕಾಮನ್ ದರ್ಜೆಯವು, ಹಾಗಾಗಿ ಅಗ್ಗ. ನೀವು ಲ್ಯಾಂಡ್ ಇಳಿಸಿದಾಗಲೆಲ್ಲ ಟ್ಯಾಟ್ಯೋವಾ ಒಂದು ಜೀವಾಂಕ, ಒಂದು ಕಾರ್ಡು ಕೊಡುತ್ತದೆ. ಹೇಗೂ ಇಟ್ಟುಕೊಳ್ಳಲೇಬೇಕಾದ ಲ್ಯಾಂಡೇ ಇಲ್ಲಿ ಲಾಭ. ‘ಇವಾಲ್ವಿಂಗ್ ವೈಲ್ಡ್ಸ್’ ಎಂಬ ಕಾಮನ್ ಲ್ಯಾಂಡ್ ತಾನು ಬಂದಾಗ ಒಮ್ಮೆ, ತನ್ನನ್ನು ಬಲಿಕೊಟ್ಟು ಇನ್ನೊಂದು ಲ್ಯಾಂಡ್ ತಂದಾಗ ಮತ್ತೊಮ್ಮೆ ಫಲ ಕೊಡುತ್ತದೆ.

ಕಮಾಂಡರ್ ಆಗಲಾರದ, ಆದರೂ ಇಡೀ ಡೆಕ್ಕನ್ನು ತನ್ನ ಸುತ್ತ ಎಳೆದುಕೊಳ್ಳಬಲ್ಲ ಕಾಮನ್ ಒಂದಿದೆ: 2013ರ ‘ಥೀರೋಸ್’ ಸೆಟ್ಟಿನ ‘ಗ್ರೇ ಮರ್ಚೆಂಟ್ ಆಫ್ ಆಸ್ಫೊಡೆಲ್’. ಆಟಗಾರರ ಬಾಯಲ್ಲಿ ‘ಗ್ಯಾರಿ’. ಐದು ಮಾನಾದ ಈ ಕರಿ ಜೀವಿ ಮೇಜಿಗೆ ಬಂದಾಗ, ನಿಮ್ಮ ಮುಂದಿರುವ ಕಾರ್ಡುಗಳ ವೆಚ್ಚದಲ್ಲಿ ಎಷ್ಟು ಕರಿ ಗುರುತುಗಳಿವೆಯೋ ಅಷ್ಟು ಜೀವಾಂಕವನ್ನು ಪ್ರತಿ ಎದುರಾಳಿಯಿಂದ ಹೀರಿ ನಿಮಗೆ ಕೊಡುತ್ತದೆ. ಎರಡೆರಡು ಗುರುತಿನ ಮೂರು ಕಾರ್ಡು ಮೊದಲೇ ಇದ್ದರೆ ಗ್ಯಾರಿಯ ಎರಡೂ ಸೇರಿ ಎಂಟು. ಮೂವರಿಗೂ ಎಂಟೆಂಟು ನಷ್ಟ, ನಿಮಗೆ 24 ಲಾಭ. ‘ಪ್ರತಿ ಎದುರಾಳಿ’ ಎಂದು ಬರೆದಿರುವ ಅಗ್ಗದ ಕಾರ್ಡು ಕಂಡರೆ ನಿಂತು ಓದಿ. ನಾಲ್ವರ ಆಟದಲ್ಲಿ ಅದರ ಬಲ ಮುಮ್ಮಡಿ.

ಕಾಮನ್‌ಗಳಷ್ಟೇ ನಡೆಯುವ, 60 ಕಾರ್ಡಿನ ‘ಪಾಪರ್’ ಬಗೆಯಲ್ಲೂ ಇಂಥ ಸೊಗಸುಗಳಿವೆ. ‘ಮಿಡ್‌ನೈಟ್ ಗಾರ್ಡ್’ ಎಂಬ ಕಾವಲುಗಾರ, ಇನ್ನೊಂದು ಜೀವಿ ಬಂದಾಗಲೆಲ್ಲ ದಣಿವಾರಿಸಿಕೊಂಡು ಮತ್ತೆ ಸಜ್ಜಾಗುತ್ತಾನೆ. ‘ಪ್ರೆಸೆನ್ಸ್ ಆಫ್ ಗಾಂಡ್’ ಯಾರ ಮೇಲೆ ಕೂರುತ್ತದೋ ಆ ಜೀವಿ ದಣಿದು ಒಂದು ಎಲ್ಫ್ ಟೋಕನ್ ಹುಟ್ಟಿಸಬಹುದು. ಎರಡನ್ನೂ ಸೇರಿಸಿ: ಎಲ್ಫ್ ಹುಟ್ಟಿತು, ಕಾವಲುಗಾರ ಎದ್ದ, ಮತ್ತೊಂದು ಎಲ್ಫ್, ಕೊನೆಯೇ ಇಲ್ಲ. ಆದರೆ ಬಂದ ಸರದಿಯಲ್ಲಿ ಕಾವಲುಗಾರ ದಣಿಯುವಂತಿಲ್ಲ. ಆ ಬಿಡುವಿನಲ್ಲಿ ಒಂದೇ ಮಾನಾದ ‘ಲೈಟ್ನಿಂಗ್ ಬೋಲ್ಟ್’ ಬಿದ್ದರೆ ಅವನ ಕಥೆ ಮುಗಿಯಿತು. ನೋಡಲು ಚಂದ, ನೆಚ್ಚಲು ಕಷ್ಟ.

ಹಾಗಾದರೆ ಆಯ್ಕೆ ಹೇಗೆ? ನನ್ನ ಒರೆಗಲ್ಲು ಒಂದೇ: ಈ ಕಾರ್ಡು ಬಂದರೆ ಬೇರೆಯವರು ಪೆಟ್ಟಿಗೆಯ ತಳಕ್ಕೆ ಎಸೆದ ಕಾರ್ಡುಗಳ ಬೆಲೆ ನನ್ನ ಡೆಕ್ಕಿನಲ್ಲಿ ಏರುತ್ತದೆಯೇ? ಜಾಡಾ, ಟ್ಯಾಟ್ಯೋವಾ, ಗ್ಯಾರಿ ಮೂವರೂ ಇದರಲ್ಲಿ ಪಾಸು. ಬಲವೊಂದನ್ನೇ ತಂದು, ಜೊತೆಗೆ ಇನ್ನಷ್ಟು ದುಬಾರಿ ಕಾರ್ಡು ಬೇಡುವವು ಅಗ್ಗವಾಗಿದ್ದರೂ ಬೇಡ.

ಖರ್ಚಿನ ಇನ್ನೊಂದು ಗುಟ್ಟು ಬಣ್ಣ. ಬಣ್ಣ ಹೆಚ್ಚಿದಷ್ಟೂ ಆ ಬಣ್ಣಗಳ ಮಾನಾವನ್ನೆಲ್ಲ ಕೊಡಬಲ್ಲ ದುಬಾರಿ ಲ್ಯಾಂಡುಗಳು ಬೇಕು. ಒಂದೇ ಬಣ್ಣಕ್ಕೆ ಪುಡಿಗಾಸಿನ ಬೇಸಿಕ್ ಲ್ಯಾಂಡ್ ಸಾಕು. ಒಳಗೇನಿದೆಯೆಂದು ಗೊತ್ತಿಲ್ಲದ ಬೂಸ್ಟರ್ ಪೊಟ್ಟಣ ಒಡೆಯುವುದು ಬೇರೆ ಚಟ. ಡೆಕ್ ಕಟ್ಟುವವರು ಬಿಡಿ ಕಾರ್ಡು ಕೊಳ್ಳಬೇಕು. ಹೊರದೇಶದಿಂದ ತರಿಸುವ ನಮಗೆ ಅಂಚೆ ಖರ್ಚೇ ಕಾರ್ಡಿನ ಬೆಲೆಯನ್ನು ಮೀರುತ್ತದೆ, ಆದ್ದರಿಂದ ಗೆಳೆಯರು ಸೇರಿ ಒಟ್ಟಿಗೆ ತರಿಸಿ. ಅದಕ್ಕೂ ಮೊದಲು ಕಾರ್ಡುಗಳ ಹೆಸರನ್ನು ಚೀಟಿಯಲ್ಲಿ ಬರೆದು ನಾಲ್ಕಾರು ಆಟ ಆಡಿ ನೋಡಿ.

ದುಬಾರಿ ಕಾರ್ಡು ಆಸ್ತಿಯಲ್ಲವೇ ಎನ್ನುವವರಿಗೆ 2024ರ ಸೆಪ್ಟೆಂಬರ್ ನೆನಪಿಸುತ್ತೇನೆ. ‘ಮಾನಾ ಕ್ರಿಪ್ಟ್’, ‘ಜ್ಯೂವೆಲ್ಡ್ ಲೋಟಸ್’ ಎಂಬ ದುಬಾರಿ ಕಾರ್ಡುಗಳನ್ನು ಕಮಾಂಡರ್‌ನಿಂದ ನಿಷೇಧಿಸಲಾಯಿತು, ಬೆಲೆ ಕುಸಿಯಿತು. ಕಾಸಿನ ಕಾರ್ಡಿಗೆ ಅಂಥ ಪೆಟ್ಟು ಬಿದ್ದರೂ ಹೋಗುವುದು ಕಾಸೇ.

ಒಂದೇ ಡೆಕ್ ಕಟ್ಟುವ ಮನಸ್ಸಿದ್ದರೆ ನನ್ನ ಮತ ಜಾಡಾಗೆ: ಒಂದೇ ಬಣ್ಣ, ಬಹುಪಾಲು ಕಾಮನ್, ಮತ್ತು ಒಂದು ಮಾನಾಕ್ಕೆ ಹತ್ತು ಕಾರ್ಡು ಎಳೆಯುವ ಸುಖ. ಕೊಂಡುಕೊಳ್ಳುವ ಮೊದಲು ಗೆಳೆಯರ ಬೇಡದ ಕಾರ್ಡುಗಳ ಪೆಟ್ಟಿಗೆಯನ್ನೊಮ್ಮೆ ಜಾಲಾಡಿ. ಅರ್ಧ ಡೆಕ್ ಅಲ್ಲೇ ಸಿಕ್ಕರೂ ಸಿಕ್ಕೀತು.